ಎಣಿಸದೆ ಬಿಟ್ಟ ಮೊದಲ ಮೀನು

ಇದು ಅದೇ ಮೀನೋ, ಬೇರೆಯದೋ?

ಬಾಲದ ಮೇಲ್ಭಾಗದಲ್ಲಿ ಕಚ್ಚಿದ ಗುರುತಿದ್ದರೆ ಅದೇ. ನಾಲ್ಕು ನಿಮಿಷದ ಹಿಂದೆ ಎಡದಿಂದ ಬಂದು ಬಲಕ್ಕೆ, ಕತ್ತಲಿಗೆ ಹೋಗಿತ್ತಲ್ಲ, ಅದು. ಆದರೆ ಈಗ ಬಲದಿಂದ ಬಂದದ್ದು ಬಾಲ ತೋರಿಸಲೇ ಇಲ್ಲ. ಬೆಳಕಿನ ಅಂಚಿನಲ್ಲಿ ಒಮ್ಮೆ ಮಿಂಚಿ ಹೊರಳಿಬಿಟ್ಟಿತು. ಗುರುತು ಇರಲಿಲ್ಲವೋ? ಇತ್ತೋ, ನಾನೇ ಕಣ್ಣು ಮಿಟುಕಿಸಿದೆನೋ? ಬೇರೆಯದು ಎಂದು ಬರೆದರೆ ಇಲ್ಲದ ಮೀನೊಂದು ಸಮುದ್ರದಲ್ಲಿ ಹುಟ್ಟುತ್ತದೆ. ಅದೇ ಎಂದು ಬಿಟ್ಟರೆ ಇದ್ದ ಮೀನೊಂದು ಇಲ್ಲವಾಗುತ್ತದೆ. ಹಾಗೆ ಇದ್ದವು ಇಲ್ಲವಾದದ್ದು ಒಮ್ಮೆ ಆಗಿಹೋಗಿದೆ, ಅದೂ ನನ್ನ ಕೈಯಿಂದ.

ಹೀಗೆ ತಮ್ಮನ್ನೇ ಕೇಳಿಕೊಳ್ಳುತ್ತ ಪರಸಪ್ಪ ಗುಂಡಿ ಒತ್ತುತ್ತಾರೆ. ಟೇಪು ಕಿರ್ರೆಂದು ಹಿಂದಕ್ಕೆ ಓಡುತ್ತದೆ. ಮೀನು ಕತ್ತಲಿಂದ ಹಿಮ್ಮುಖವಾಗಿ ಹೊರಬಂದು, ಹೊರಳಿ, ಮತ್ತೆ ಕತ್ತಲಿಗೆ ಸೇರುತ್ತದೆ. ಎರಡನೇ ಸಲ. ಮೂರನೇ ಸಲ. ನಾಲ್ಕನೇ ಸಲಕ್ಕೆ ಅವರು ಟಿವಿಗೆ ಮುಖ ತಾಗುವಷ್ಟು ಮುಂದೆ ಬಾಗುತ್ತಾರೆ.

"ಅದ," ಎನ್ನುತ್ತಾರೆ. "ಕಿವಿ ಹಿಂದಿನ ಚುಕ್ಕಿ ನೋಡ್ರಿ. ಬಾಲ ಮುಚ್ಚಿಟ್ಟ ನನಗ ಮೋಸ ಮಾಡಾಕ ಹತ್ತಿತ್ತು."

ಮೀನಿಗೆ ಕಿವಿ ಎಲ್ಲಿ ಎಂದು ಕೇಳಿದರೆ ಕಿವಿರಿನ ಕಡೆ ಬೆರಳು ತೋರಿಸುತ್ತಾರೆ. ಮೂವತ್ತು ವರ್ಷ ಕುರಿಯ ಕಿವಿ ನೋಡಿ ಗುರುತು ಹಿಡಿದವರಿಗೆ ಅದು ಕಿವಿಯೇ.

ಬೆಳಗಿನ ಐದೂ ಕಾಲು. ಯರಗಟ್ಟಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಮಲ್ಲಿಕಸಾಬರ ಟಿವಿ ರಿಪೇರಿ ಅಂಗಡಿ ಇದೆ. ಅದರ ಹಿಂಬದಿಯ ಕೋಣೆಯ ಕಿಟಕಿಗೆ ಗೋಣಿಚೀಲ ಹೊಡೆದಿದ್ದಾರೆ. ಇಪ್ಪತ್ತೊಂದು ಇಂಚಿನ ಟಿವಿ, ಕೆಳಗೆ ವಿಸಿಆರ್, ಪಕ್ಕದಲ್ಲಿ ಸ್ಟೆಬಿಲೈಜರ್. ಹೊರಗೆ ಸವದತ್ತಿ ಕಡೆಯ ಮೊದಲ ಬಸ್ಸು ಹಾರ್ನ್ ಹಾಕುತ್ತಿದೆ. ಒಳಗೆ ಟಿವಿಯ ಮೇಲೆ ಕಾರವಾರದ ದಂಡೆಯಿಂದ ಬಹುದೂರದ, ಒಂಬೈನೂರು ಮೀಟರ್ ಆಳದ ಸಮುದ್ರದ ತಳವಿದೆ. ಟೇಪಿನಲ್ಲಿ ಸದ್ದಿಲ್ಲ. ಅಷ್ಟು ಆಳದಲ್ಲಿ ಏನು ಕೇಳುತ್ತದೋ ಗೊತ್ತಿಲ್ಲ, ಈ ಕೋಣೆಯಲ್ಲಂತೂ ಏನೂ ಕೇಳುವುದಿಲ್ಲ. ಯಾರಾದರೂ ಮಾತಾಡಿದರೆ ಪರಸಪ್ಪ ಟೇಪು ನಿಲ್ಲಿಸುತ್ತಾರೆ. ಮಾತು ಮುಗಿದ ಮೇಲೆ ಹತ್ತು ನಿಮಿಷ ಹಿಂದಕ್ಕೆ ಹೋಗಿ ಮತ್ತೆ ನೋಡುತ್ತಾರೆ. ಹಾಗಾಗಿ ಇಲ್ಲಿಗೆ ಬಂದವರು ಮಾತಾಡದಿರುವುದನ್ನು ಬೇಗ ಕಲಿಯುತ್ತಾರೆ.

ಕರಾವಳಿಯ ಸಂಶೋಧನಾ ಸಂಸ್ಥೆಯೊಂದರ ಹಡಗು ವರ್ಷಕ್ಕೆ ಎರಡು ಸಲ ಹೊರಡುತ್ತದೆ. ಅದರಿಂದ ಉದ್ದನೆಯ ಕೇಬಲ್ ಕಟ್ಟಿದ ಯಂತ್ರವೊಂದನ್ನು ನೀರಿಗೆ ಇಳಿಸುತ್ತಾರೆ. ಅದರಲ್ಲಿ ಮನುಷ್ಯರಿರುವುದಿಲ್ಲ. ಎರಡು ದೀಪ, ಒಂದು ಕ್ಯಾಮೆರಾ, ತಿರುಗುವ ಪಂಖಗಳು, ಅಷ್ಟೇ. ಹಡಗಿನ ಮೇಲೆ ಕೂತವನೊಬ್ಬ ಕೈಹಿಡಿಕೆ ತಿರುಗಿಸುತ್ತ ಅದನ್ನು ತಳದ ಮೇಲೆ ನಡೆಸುತ್ತಾನೆ. ಬಲೆ ಹಾಕದೆ, ಕೊಲ್ಲದೆ, ಆಳದ ಮೀನು ಯಾವುವು, ಎಷ್ಟಿವೆ ಎಂದು ತಿಳಿಯುವ ದಾರಿ ಇದು. ಒಂದು ಮುಳುಗಿಗೆ ಎರಡು ತಾಸಿನ ಒಂದು ಟೇಪು. ಆದರೆ ಯಂತ್ರ ನೋಡುತ್ತದೆ, ಎಣಿಸುವುದಿಲ್ಲ. ಯಾರಾದರೂ ಕೂತು ಎಣಿಸಬೇಕು. ಹಾಗೆ ಕೂತವರು, ಏಳೆಂಟು ವರ್ಷದಿಂದ, ಸವದತ್ತಿ ತಾಲ್ಲೂಕು ಉಗರಗೋಳದಲ್ಲಿ ಕುರಿ ಕಾಯುತ್ತಿದ್ದ ಪರಸಪ್ಪ.

ಯಂತ್ರಕ್ಕೆ ಪರಸಪ್ಪ ಇಟ್ಟ ಹೆಸರು ಲಾಟೀನು. "ಲಾಟೀನ ಹೋದಲ್ಲಿ ಮೀನ ಬರತಾವ, ಇಲ್ಲಾ ಓಡತಾವ. ಸುಮ್ಮನ ಇರೂವು ಕಡಿಮಿ. ನಮ್ಮ ಮಂದಿ ಹಂಗ."

ಒಂದು ಟೇಪಿಗೆ ಅವರಿಗೆ ಸುಮಾರು ಒಂದು ವಾರ ಬೇಕು. ಮೊದಲ ಸಲ ಈಜುವ ಮೀನು, ಎರಡನೇ ಸಲ ತಳದಲ್ಲಿ ಕೂತ ಮೀನು, ಮೂರನೇ ಸಲ ತಮ್ಮದೇ ತಪ್ಪು ಹುಡುಕುವುದು. ಒಂದು ಟೇಪಿನಲ್ಲಿ ಮುನ್ನೂರು ಮೀನು ಇರಬಹುದು, ಒಂದೂ ಇಲ್ಲದಿರಬಹುದು. ಮೂಲೆಯಲ್ಲಿ ಮಿನುಗುವ ಆಳದ ಅಂಕಿ, ಹೊತ್ತು, ಮೀನಿನ ಹೆಸರು, ಅದು ಯಾವ ಕಡೆ ಹೋಯಿತು ಎಂಬುದನ್ನು ಹಾಳೆಯಲ್ಲಿ ಬರೆಯುತ್ತಾರೆ. ನಾಲ್ಕನೇ ಇಯತ್ತೆ ಓದಿದ ಗುಂಡನೆಯ ಅಕ್ಷರ. ಹೆಸರುಗಳೂ ಅವರವೇ: ಹಗ್ಗದ ಬಾಲ, ಗಾಜುಗಣ್ಣ, ಹರಕು ಬಾಯಿ. ಬೆಳಗಿನ ನಾಲ್ಕರಿಂದ ಎಂಟರವರೆಗೆ ಕರೆಂಟು ಗಟ್ಟಿಯಾಗಿರುತ್ತದೆ, ಆ ಮೇಲೆ ವೋಲ್ಟೇಜು ಕುಣಿದು ಚಿತ್ರ ನಡುಗುತ್ತದೆ. ಅದಕ್ಕೇ ಈ ಹೊತ್ತು. ಕುರಿ ಬಿಟ್ಟರೂ ಕುರಿಯ ವೇಳೆ ಬಿಡಲಿಲ್ಲ ಎಂದು ಹೆಂಡತಿ ಬೀರವ್ವ ನಗುತ್ತಾರೆ.

ಕುರಿ ಬಿಟ್ಟದ್ದು ೧೯೯೭ರಲ್ಲಿ. ಎಲ್ಲಮ್ಮನ ಗುಡ್ಡದ ಬದಿಯ ಕಲ್ಲುಬಂಡೆಯಿಂದ ಜಾರಿ ಬಲಗಾಲು ಎರಡು ಕಡೆ ಮುರಿಯಿತು. ಕೂಡಿಕೊಂಡಿತು, ಆದರೆ ಸೊಟ್ಟಗೆ. ಸಿರಸಂಗಿಯವರೆಗೆ ಹಿಂಡಿನ ಹಿಂದೆ ನಡೆಯುತ್ತಿದ್ದವರಿಗೆ ಮನೆಯ ಹೊಸ್ತಿಲು ದಾಟಲು ಕೋಲು ಬೇಕಾಯಿತು. ಹಿಂಡು ತಮ್ಮನ ಪಾಲಾಯಿತು. "ತಮ್ಮ ಚಲೋ ನೋಡ್ಕೊಂತಾನ. ಅದರ ಬಗ್ಗೆ ಏನಿಲ್ಲ. ಆದ್ರ ನನಗ ಬೆಳಗಾಗೂದ ನಿಂತಬಿಡ್ತು ನೋಡ್ರಿ. ಎದ್ದು ಏನ ಮಾಡಲಿ?" ಎನ್ನುತ್ತಾರೆ. ಪತ್ರಿಕೆಯ ಈ ಬರಹಕ್ಕಾಗಿ ಈ ಕೋಣೆಯಲ್ಲಿ ಕಳೆದ ನಾಲ್ಕು ಮುಂಜಾವುಗಳಲ್ಲಿ ತಮ್ಮ ಕಷ್ಟದ ಬಗ್ಗೆ ಅವರು ಆಡಿದ ಮಾತು ಇಷ್ಟೇ.

ಮರುವರ್ಷ ತಮ್ಮ ಮಲಪ್ರಭೆಯ ಹಿನ್ನೀರ ದಂಡೆಯಲ್ಲಿ ಕುರಿ ಬಿಟ್ಟಾಗ ಪರಸಪ್ಪ ಜಾಲಿಯ ನೆರಳಲ್ಲಿ ಕೂತಿರುತ್ತಿದ್ದರು. ಅಲ್ಲಿಗೆ ರಾಜೇಶ್ವರಿ ಬರುತ್ತಿದ್ದರು. ಸವದತ್ತಿಯವರು, ಬೈಲಹೊಂಗಲದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಾರೆ. ಹಿನ್ನೀರಿನಲ್ಲಿ ಮೀನು ಹಿಡಿದು, ಉದ್ದ ಅಳೆದು, ತೂಗಿ, ಮತ್ತೆ ನೀರಿಗೆ ಬಿಡುವುದು ಆಗ ಅವರ ಸಂಶೋಧನೆ. ಒಂದು ದಿನ ನೆರಳಲ್ಲಿ ಕೂತ ಅಪರಿಚಿತ ಮನುಷ್ಯ ಮಾತು ತೆಗೆದ.

"ಅಕ್ಕಾರ, ಆ ಮೀನ ಸೋಮವಾರನೂ ತೂಗಿದ್ರಿ."

"ಯಾವ ಮೀನ?"

"ಕೈಯಾಗಿಂದು. ಗುರುವಾರನೂ ತೂಗಿದ್ರಿ. ಅದಕ್ಕೂ ನಾಚಿಕಿ ಬಂದೈತಿ."

ರಾಜೇಶ್ವರಿ ಹಳೆಯ ಪುಟ ತಿರುವಿ ಉದ್ದ ಹೋಲಿಸಿದರು. ಸೋಮವಾರ, ಗುರುವಾರ, ಇವತ್ತು: ಒಂದೇ ಅಳತೆ, ಬೆನ್ನಿನ ಮೇಲೆ ಒಂದೇ ಗಾಯ. "ನಾನು ಹನ್ನೊಂದು ತಿಂಗಳದಾಗ ಎಷ್ಟು ಸಲ ಒಂದ ಮೀನ ತೂಗೇನೋ ಅಂತ ಅವತ್ತು ರಾತ್ರಿ ನಿದ್ದಿ ಬರಲಿಲ್ಲ" ಎಂದು ಅವರು ಈಗಲೂ ನಗುತ್ತಾರೆ. ಅದೇ ಹೊತ್ತಿಗೆ ಸಮುದ್ರದ ಟೇಪುಗಳನ್ನು ಎಣಿಸಿಕೊಡುವ ಕೆಲಸ ಅವರಿಗೆ ಬಂದಿತ್ತು. ಪದವಿ ಮುಗಿಸಿದ ಇಬ್ಬರು ಒಂದು ಟೇಪಿನಲ್ಲಿ ನಲವತ್ತು ಹಗ್ಗದ ಬಾಲ ಎಣಿಸಿದ್ದರು. ಅದೇ ಟೇಪನ್ನು ಪರಸಪ್ಪನವರಿಗೆ ತೋರಿಸಿದರು. ಅವರು ಎರಡು ಸಲ ನೋಡಿ, ಹತ್ತು ಎಂದರು. ಉಳಿದ ಮೂವತ್ತು, ಆ ಹತ್ತರಲ್ಲೇ ಲಾಟೀನಿನ ಬೆನ್ನು ಹತ್ತಿದ ಒಂದೇ ಮೀನು.

"ಆಸೆಬುರುಕ ಮರಿ ಇರತಾವಲ್ರಿ, ಮೇವಿನ ಬುಟ್ಟಿ ಹಿಂದ ಹಿಂದ ಬರೂವು. ಅಂಥಾದು ಅದು."

ಕುರಿ ಕಾಯುವವರು ಕುರಿಯನ್ನು ಲೆಕ್ಕದಿಂದಲ್ಲ, ಮುಖದಿಂದ ಬಲ್ಲರು. ಹಿಂಡು ದಡ್ಡಿಯಿಂದ ಹೊರಬೀಳುವಾಗ ಇಂಥದ್ದು ಬರಲಿಲ್ಲ ಎಂದು ಮೊದಲು ಗೊತ್ತಾಗುತ್ತದೆ, ಎಷ್ಟು ಬಂದವು ಎಂಬುದು ಆ ಮೇಲೆ. ಈ ಕಣ್ಣಿಗಾಗಿಯೇ ರಾಜೇಶ್ವರಿ ಅವರನ್ನು ಕರೆತಂದರು. ಉಗರಗೋಳದಲ್ಲಿ ವಿಸಿಆರ್ ಇರಲಿಲ್ಲ. ಯರಗಟ್ಟಿಯ ಮಲ್ಲಿಕಸಾಬರ ಬಳಿ ಇತ್ತು, ಹಾಳಾದರೆ ಸರಿಮಾಡುವ ಕೈಯೂ ಇತ್ತು. ಪರಸಪ್ಪ ಮತ್ತು ಬೀರವ್ವ ಅಂಗಡಿಯಿಂದ ಹತ್ತು ನಿಮಿಷದ ದೂರದಲ್ಲಿ ಮನೆ ಹಿಡಿದರು. ಅವತ್ತಿನಿಂದ ಪರಸಪ್ಪನವರಿಗೆ ಮತ್ತೆ ಬೆಳಗಾಗತೊಡಗಿತು.

ಆದರೆ ಆ ಕಣ್ಣಿನ ಜೊತೆಗೆ ಒಂದು ಪದ್ಧತಿಯೂ ಬಂದದ್ದು ಯಾರಿಗೂ ಗೊತ್ತಾಗಲಿಲ್ಲ.

ಪರಸಪ್ಪನವರ ಮನೆತನದಲ್ಲಿ ಬೆಳಿಗ್ಗೆ ದಡ್ಡಿಯ ಬಾಗಿಲು ತೆರೆಯುವವರು ಅವರ ಅವ್ವ. ಮೊದಲು ಹೊರಬಿದ್ದ ಕುರಿಯ ನೆತ್ತಿ ಮುಟ್ಟಿ, "ನೀ ಬೀರಪ್ಪನ ಪಾಲು, ಹೋಗವ್ವಾ" ಎಂದು ಕಳಿಸಿ, ಎರಡನೆಯದರಿಂದ ಎಣಿಸುತ್ತಿದ್ದರು. ಯಾವ ಕುರಿ ಮೊದಲು ಬಂದರೂ ಅವತ್ತಿನ ಮಟ್ಟಿಗೆ ಅದು ದೇವರದು, ಲೆಕ್ಕಕ್ಕಿಲ್ಲ. "ಎಲ್ಲಾ ನಮ್ದ ಅನಬಾರದೋ ಪರಸ್ಯಾ, ಕೊಟ್ಟಾಂವ ಕೇಳಿಸ್ಕೊಂತಾನ," ಎನ್ನುತ್ತಿದ್ದರಂತೆ. ಹೀಗೆ ಒಂದನ್ನು ಬಿಟ್ಟು ಎಣಿಸುವುದು ಆ ಮನೆಯವರು ದೇವರಿಗೆ ಹೇಳುವ ಕೃತಜ್ಞತೆ. ಬೇರೆ ಮಾತಿರಲಿಲ್ಲ.

ಪರಸಪ್ಪ ಪ್ರತಿ ಟೇಪಿನ ಮೊದಲ ಮೀನನ್ನೂ ಹಾಗೆಯೇ ಬಿಟ್ಟರು. ಯಾರೂ ಹೇಳಿಕೊಟ್ಟದ್ದಲ್ಲ, ಯೋಚಿಸಿ ಮಾಡಿದ್ದೂ ಅಲ್ಲ. ಊಟಕ್ಕೆ ಕೂತವರು ಕೈ ತೊಳೆದೆ ಎಂದು ಯಾರಿಗೂ ವರದಿ ಮಾಡುವುದಿಲ್ಲವಲ್ಲ, ಹಾಗೆ. ನಾಲ್ಕು ವರ್ಷ, ಇನ್ನೂರ ಹದಿನಾಲ್ಕು ಟೇಪು.

ಮುನ್ನೂರರಲ್ಲಿ ಒಂದು ತಪ್ಪಿದರೆ ಸಮುದ್ರಕ್ಕೆ ಏನೂ ಆಗುವುದಿಲ್ಲ. ತೊಂದರೆಯಾದದ್ದು ಒಂದೇ ಒಂದು ಜಾತಿಗೆ. ಲಾಟೀನು ತಳಕ್ಕೆ ಇಳಿದಾಗ ಕೆಸರು ಏಳುತ್ತದೆ. ಐದಾರು ನಿಮಿಷ ಟಿವಿಯ ತುಂಬ ಬೂದಿ ಬಣ್ಣ. ಅಷ್ಟರಲ್ಲಿ ಮಿಕ್ಕ ಮೀನೆಲ್ಲ ಬೆಳಕಿಗೆ ಹೆದರಿ ದೂರ ಹೋಗಿರುತ್ತವೆ. ಕೆಸರು ಇಳಿದಾಗ ಎದುರಿಗೆ ಒಂದು ಮಾತ್ರ ನಿಂತಿರುತ್ತದೆ. ಹೊಟ್ಟೆಯ ಕೆಳಗಿನ ಎರಡು ರೆಕ್ಕೆ, ಬಾಲದ ಒಂದು ಎಳೆ, ಹೀಗೆ ಕಡ್ಡಿಯಂಥ ಮೂರು ಕಾಲುಗಳನ್ನು ತಳಕ್ಕೆ ಊರಿಕೊಂಡು, ನೀರು ಬರುವ ದಿಕ್ಕಿಗೆ ಮುಖ ಮಾಡಿ ಸುಮ್ಮನೆ ನಿಲ್ಲುವ ಮೀನು. ಹಿಂಡಿಲ್ಲ, ಜೋಡಿಯಿಲ್ಲ, ಓಡುವುದಿಲ್ಲ. ಪರಸಪ್ಪ ಅದಕ್ಕೆ ಕೋಲೂರಿದಾಂವ ಎಂದು ಹೆಸರಿಟ್ಟಿದ್ದರು. ಒಂದು ಟೇಪಿಗೆ ಅದು ಒಂದೇ ಕಾಣುವುದು, ಮೊದಲೇ ಕಾಣುವುದು. ಆದ್ದರಿಂದ ಅವರ ಹಾಳೆಗಳಲ್ಲಿ ಅದು ಇರಲೇ ಇಲ್ಲ. ಅದೊಂದೇ ಮೀನಿದ್ದ ಟೇಪುಗಳ ಮೇಲೆ ‘ಖಾಲಿ’ ಎಂದು ಬರೆದಿದ್ದರು.

"ಒಂದ ಕುರಿ ಇದ್ರ ಅದು ಹಿಂಡಲ್ರಿ. ಅದನ್ನ ದೇವರ ಹಂತ್ಯಾಕ ಬಿಡೂದು," ಎಂದು ಈಗ ವಿವರಿಸುತ್ತಾರೆ, ತಲೆ ತಗ್ಗಿಸಿ.

೨೦೦೩ರ ಜನವರಿಯಲ್ಲಿ ಹಡಗಿನವರಿಂದ ಪತ್ರ ಬಂತು. ಆ ಇಳಿಜಾರಿನ ಒಂದು ಭಾಗವನ್ನು ತಳ ಕೆರೆಯುವ ಬಲೆಗಳಿಗೆ ತೆರೆಯಬಹುದೇ ಎಂದು ಸಮಿತಿಯೊಂದು ಕೇಳಿದೆ, ನಿಮ್ಮ ಎಣಿಕೆಯ ಪ್ರಕಾರ ಅಲ್ಲಿ ಹೆಚ್ಚೇನೂ ಇಲ್ಲ, ಆದರೆ ಯಂತ್ರ ನಡೆಸುವವನು ಮಾತ್ರ ಮೂರು ಕಾಲಿನ ಮೀನನ್ನು ದಿನವೂ ಕಂಡಿದ್ದೇನೆ ಎನ್ನುತ್ತಾನೆ, ದಯವಿಟ್ಟು ಪರಿಶೀಲಿಸಿ, ತಿಂಗಳ ಕೊನೆಗೆ ಅಂತಿಮ ಪಟ್ಟಿ ಬೇಕು. ರಾಜೇಶ್ವರಿ ಪತ್ರ ಹಿಡಿದು ಯರಗಟ್ಟಿಗೆ ಬಂದರು. ಅಂಗಡಿಯಲ್ಲಿ ಆಗಿದ್ದ ಮಲ್ಲಿಕಸಾಬರಿಗೆ ಆ ಮಾತುಕತೆ ಅಕ್ಷರ ಅಕ್ಷರ ನೆನಪಿದೆ.

"ಪರಸಪ್ಪ, ಮೂರು ಕಾಲಿನ ಮೀನ ನೀವು ನೋಡೇ ಇಲ್ಲೇನು?"

"ನೋಡೇನ್ರಿ. ದಿನಾ ನೋಡತೇನಿ."

"ಮತ್ತ ಬರದಿಲ್ಲಲ್ಲ?"

"ಮೊದಲನೇದು ನಮ್ಮ ಲೆಕ್ಕಕ್ಕ ಬರೂದಿಲ್ಲಲ್ರಿ ಅಕ್ಕಾರ. ಅದು ದೇವರದು."

ರಾಜೇಶ್ವರಿ ಬೈಯಲಿಲ್ಲ. ಬಲೆ ಬಿದ್ದರೆ ಏನಾಗುತ್ತದೆ ಎಂದು ಮಾತ್ರ ಮೆಲ್ಲಗೆ ಹೇಳಿದರು. ಆ ಬಲೆ ಹೊಲಕ್ಕೆ ಕುಂಟೆ ಹೊಡೆದಂತೆ ತಳವನ್ನು ಕೆರೆದುಕೊಂಡು ಹೋಗುತ್ತದೆ. ಈಜುವ ಮೀನು ತಪ್ಪಿಸಿಕೊಂಡಾವು. ನಿಂತದ್ದು ಓಡುವುದಿಲ್ಲ.

ಪರಸಪ್ಪ ಟೇಪುಗಳಿದ್ದ ಕಪಾಟಿನ ಕಡೆ ನೋಡಿದರು. "ಎಲ್ಲಾ ಮತ್ತ ನೋಡತೇನಿ," ಎಂದರು.

ಇಪ್ಪತ್ತಾರು ದಿನ. ಪ್ರತಿ ಟೇಪನ್ನೂ ಮೊದಲ ಮೀನು ಕಾಣುವವರೆಗೆ ನೋಡಬೇಕು. ‘ಖಾಲಿ’ ಎಂದು ಬರೆದ ನಲವತ್ತೇಳನ್ನು ಕೊನೆಯವರೆಗೂ ನೋಡಬೇಕು. ನಾಲ್ಕು ತಾಸಿನ ಕರೆಂಟು ಸಾಲುವುದಿಲ್ಲ. ಮದುವೆಗಳಿಗೆ ಬಾಡಿಗೆ ಕೊಡುತ್ತಿದ್ದ ಜನರೇಟರನ್ನು ಮಲ್ಲಿಕಸಾಬ ಅಂಗಡಿಯ ಹಿಂದೆ ಇಳಿಸಿದರು. ಓಣಿಯವರು ಯಾರ ಮದುವೆ ಎಂದು ಕೇಳಿದರೆ, "ಮೀನಿಂದು. ವರಾ ಮೂರು ಕಾಲಿನಾಂವ," ಎನ್ನುತ್ತಿದ್ದರಂತೆ. ವಿಸಿಆರ್‌ನ ಹೆಡ್ಡು ಸವೆದು ಚಿತ್ರ ಮಂಜಾದಾಗ ತಮ್ಮ ಮನೆಯ ವಿಸಿಆರನ್ನೇ ತಂದಿಟ್ಟರು. "ಮನ್ಯಾಗ ಒಂದ ತಿಂಗಳ ಪಿಕ್ಚರ್ ಬಂದ್. ನನ್ನ ಮಾನ ಉಳೀಲಿಲ್ಲ. ಆದ್ರ ಪರಸಪ್ಪಣ್ಣನ ಮಾರಿ ನೋಡಾಕ ಆಗತಿರಲಿಲ್ರಿ. ಉಣ್ಣು ಅಂದ್ರ ಉಣ್ಣಾಂವ, ಮಲಗು ಅಂದ್ರ ಮಲಗಾಂವ."

ಬೀರವ್ವ ಬುತ್ತಿ ತರುತ್ತಿದ್ದರು. "ಕಣ್ಣ ಕೆಂಡ ಆಗಿದ್ದವು. ಕಣ್ಣ ಮ್ಯಾಲ ತುಪ್ಪ ಹಚ್ಚಿದ ಹತ್ತಿ ಇಟ್ಟು ಕುಂಡ್ರಸ್ತಿದ್ದೆ. ಕಣ್ಣ ಮುಚ್ಚಿದ್ರೂ ಬಾಯಾಗ ಹಗ್ಗದ ಬಾಲ, ಗಾಜುಗಣ್ಣ ಅಂತಿದ್ದ. ಹೇಣ್ತಿ ಹೆಸರ ಒಂದ ಸಲ ಬರಲಿಲ್ಲ ನೋಡ್ರಿ," ಎನ್ನುವಾಗ ಪರಸಪ್ಪ ಕೋಲಿನ ತುದಿಯಿಂದ ನೆಲ ಗೀಚುತ್ತಾರೆ.

ಜನವರಿಯ ಕೊನೆಯ ದಿನ ಹಾಳೆಗಳು ಸಿದ್ಧವಾದವು. ಮೊದಲ ಎಣಿಕೆಯಲ್ಲಿ ಕೋಲೂರಿದಾಂವ ಒಂದೂ ಇರಲಿಲ್ಲ. ಈಗ ನೂರ ಎಂಟು. ಖಾಲಿ ಎಂದಿದ್ದ ನಲವತ್ತೇಳು ಟೇಪುಗಳಲ್ಲಿ ಇಪ್ಪತ್ತೆಂಟು ಖಾಲಿಯಾಗಿರಲಿಲ್ಲ.

ಹಾಳೆಗಳ ಜೊತೆ ವಿವರಣೆಯ ಪತ್ರ ಹೋಗಬೇಕಿತ್ತು. ತಪ್ಪು ಹೇಗಾಯಿತು, ಯಾರಿಂದಾಯಿತು ಎಂದು ಅದರಲ್ಲಿ ಬರೆಯಬೇಕಿತ್ತು. ರಾಜೇಶ್ವರಿ ಅಂಗಡಿಯ ಮುಂಭಾಗದಲ್ಲಿ ಕೂತು ಬರೆದರು. ಫ್ಯಾಕ್ಸ್ ಮಾಡುವವರು ಮಲ್ಲಿಕಸಾಬರೇ. ವಿಸಿಆರ್ ರಿಪೇರಿಯ ಪುಸ್ತಕಗಳನ್ನು ಓದಿ ಓದಿ ಅವರಿಗೆ ಇಂಗ್ಲಿಷು ಬರುತ್ತದೆ. ಪತ್ರದಲ್ಲಿ ಪರಸಪ್ಪನವರ ಹೆಸರಿರಲಿಲ್ಲ, ದೇವರ ಮಾತೂ ಇರಲಿಲ್ಲ. ಎಣಿಸುವವರಿಗೆ ನಾನು ಕೊಟ್ಟ ಸೂಚನೆ ಅಪೂರ್ಣವಾಗಿತ್ತು, ತಪ್ಪು ಸಂಪೂರ್ಣ ನನ್ನದು, ಎಂದಿತ್ತು. ಕೆಳಗೆ ಒಂದೇ ಸಹಿ.

ಸಮಿತಿ ಹೊಸ ಪಟ್ಟಿಯನ್ನು ಒಪ್ಪಿತು. ಆ ಭಾಗವನ್ನು ಬಲೆಗಳಿಗೆ ತೆರೆಯಲಿಲ್ಲ. ಆದರೆ ಆ ಪತ್ರಕ್ಕೆ ಮೊದಲು, ಮುಂದಿನ ಯಾನಕ್ಕೆ ಹಡಗು ಹತ್ತುವವರ ಪಟ್ಟಿಯಲ್ಲಿ ರಾಜೇಶ್ವರಿಯವರ ಹೆಸರಿತ್ತು, ಮೊದಲ ಬಾರಿಗೆ. ಪತ್ರ ಹೋದ ಮೇಲೆ ಬಂದ ಪಟ್ಟಿಯಲ್ಲಿ ಅದು ಇರಲಿಲ್ಲ. ಆ ಮೇಲೂ ಬರಲಿಲ್ಲ.

ಬೈಲಹೊಂಗಲದ ಮನೆಯಲ್ಲಿ ಈ ವಿಷಯ ಎತ್ತಿದರೆ ರಾಜೇಶ್ವರಿ ಚಹಾದ ಕಪ್ಪು ಎತ್ತಿಕೊಂಡು ಒಳಗೆ ಹೋಗುತ್ತಾರೆ. ಬಂದು ಹೇಳುತ್ತಾರೆ: "ಹಡಗಿನ್ಯಾಗ ನನಗ ವಾಂತಿ ಆಗತಿತ್ತು ಬಿಡ್ರಿ. ಮತ್ತ ತಪ್ಪು ನಂದ ಇತ್ತು. ಮೊದಲನೇದೂ ಎಣಿಸ್ರಿ ಅಂತ ನಾ ಎಲ್ಲಿ ಹೇಳಿದ್ದೆ? ತಪಾಸಣಾ ಮಾಡೂ ಮುಂದ ಟೇಪು ನಡುವಿಂದ ಹಚ್ಚತಿದ್ದೆ. ಮೊದಲ ಬರೀ ಕೆಸರು ಅಂತ ಬಿಡತಿದ್ದೆ. ಅವರು ದೇವರಿಗೆ ಬಿಟ್ರು, ನಾ ಬ್ಯಾಸರಕ್ಕ ಬಿಟ್ಟೆ. ಯಾರದು ದೊಡ್ಡ ತಪ್ಪು, ನೀವ ಹೇಳ್ರಿ."

ಆ ಮೇಲಿನ ಎಣಿಕೆಗೆ ಒಂದು ದಾರಿ ಕಂಡುಹಿಡಿದವರೂ ಅವರೇ. ಪರಸಪ್ಪ ಪದ್ಧತಿ ಬಿಡಬೇಕಾಗಿಲ್ಲ. ಮೊದಲ ಮೀನನ್ನು ಬರೆದು, ಅದರ ಸುತ್ತ ಒಂದು ಸೊನ್ನೆ ಸುತ್ತಬೇಕು. ಎಣಿಸಬಾರದು. ಎಣಿಕೆ ಎರಡನೆಯದರಿಂದ. ಶನಿವಾರ ಹಾಳೆ ಕೈಗೆ ಬಂದ ಮೇಲೆ ಸೊನ್ನೆ ಸುತ್ತಿದ್ದನ್ನು ಕೂಡಿಸುವ ಕೆಲಸ ರಾಜೇಶ್ವರಿಯವರದು. "ನೀವು ಬರೀ ಕಂಡದ್ದ ಬರೀರಿ ಪರಸಪ್ಪ. ದೇವರ ಪಾಲಿಗೆ ಕೈ ಹಾಕೂದು ನನಗಿರಲಿ," ಎಂದರಂತೆ. ಮೂರು ವರ್ಷದಿಂದ ಹಾಗೆಯೇ ನಡೆದಿದೆ. ಈಗ ಟೇಪುಗಳ ಸಂಖ್ಯೆ ಮುನ್ನೂರೈವತ್ತು ದಾಟಿದೆ. ಯಾವ ವರದಿಯಲ್ಲಿಯೂ ಪರಸಪ್ಪನವರ ಹೆಸರಿಲ್ಲ. ಅದನ್ನು ಅವರು ಕೇಳಿಯೂ ಇಲ್ಲ.

ಸಮುದ್ರ ನೋಡುವ ಆಸೆ ಇಲ್ಲವೇ? ಬೀರವ್ವ ಗೋಕರ್ಣಕ್ಕೆ ಹೋಗಿಬಂದಿದ್ದಾರೆ. "ಬರೀ ನೀರ. ಉಪ್ಪ. ಅಂಚಿಗೆ ಒಂದೀಟ ಬುರುಗು," ಎಂಬುದು ಅವರ ವರದಿ. ಪರಸಪ್ಪ ಹೋಗಲಿಲ್ಲ. "ಮ್ಯಾಲ ನಿಂತ ನೋಡಿ ಏನ ಮಾಡೂದ್ರಿ? ನಾ ತಳಾ ನೋಡೇನಿ." ಹಾಳೆಗೆ ಗೆರೆ ಹಾಕುತ್ತ, "ಅಕ್ಕಾರ ನೋಡಬೇಕಿತ್ತು," ಎನ್ನುತ್ತಾರೆ.

ಅದೊಂದು ಮಾತು ಬಾಯಿಂದ ಜಾರಿತೆಂದು ಅವರ ಮುಖ ನೋಡಿದರೆ ತಿಳಿಯುತ್ತದೆ. ಹಡಗಿನ ಪಟ್ಟಿಯ ವಿಷಯವನ್ನು ರಾಜೇಶ್ವರಿ ಪರಸಪ್ಪನವರಿಗೆ ಹೇಳಿರಲಿಲ್ಲ. ಪತ್ರದ ವಿಷಯವನ್ನೂ ಹೇಳಿರಲಿಲ್ಲ. ಪರಸಪ್ಪನವರಿಗೆ ಏನೂ ಗೊತ್ತಿಲ್ಲ ಎಂದೇ ರಾಜೇಶ್ವರಿ ಇವತ್ತಿಗೂ ತಿಳಿದಿದ್ದಾರೆ.

ಹೇಳಿದವರು ಮಲ್ಲಿಕಸಾಬ. ಫ್ಯಾಕ್ಸ್ ಹೋದ ಸಂಜೆಯೇ, ಪತ್ರವನ್ನು ಸಾಲು ಸಾಲಾಗಿ ಕನ್ನಡದಲ್ಲಿ ಓದಿ ಹೇಳಿದ್ದರು. ಹಡಗಿನ ಮೊದಲ ಪಟ್ಟಿ ಬಂದಾಗಲೂ, ಹೆಸರು ಬಿಟ್ಟ ಹೊಸ ಪಟ್ಟಿ ಬಂದಾಗಲೂ ಅವರೇ ಹೇಳಿದ್ದರು. "ನಾ ಹೇಳಬಾರದಿತ್ತೇನೋ. ಆದ್ರ ಇಂಥಾ ಮಾತ ಹೊಟ್ಯಾಗ ಇಟ್ಕೊಂಡ ರಿಪೇರಿ ಮಾಡಾಕ ಕೈ ಆಡೂದಿಲ್ರಿ," ಎಂದು ಸ್ಕ್ರೂಡ್ರೈವರ್ ಕೆಳಗಿಡುತ್ತಾರೆ. ಕೇಳಿ ಪರಸಪ್ಪ ಏನು ಮಾಡಿದರು? "ಎದ್ದು ಹೋಗಿ ಕಪಾಟಿನ ಬಾಗಲಾ ಒರಸಿದಾ. ಸ್ವಚ್ಛನ ಇತ್ತು ಅದು."

ಹಡಗಿನ ಮೊದಲ ಪಟ್ಟಿಯ ಸುದ್ದಿ ಕೇಳಿದಾಗಲೇ ಪರಸಪ್ಪ ತಮ್ಮನ ಹಿಂಡಿನ ಕರಿ ಉಣ್ಣೆ ಆರಿಸಿ ತಂದಿದ್ದರು. ಬೀರವ್ವ ನೂತರು, ಊರಲ್ಲಿ ಕಂಬಳಿ ನೇಯಿಸಿದರು. ಹಡಗಿನ ಮೇಲೆ ಗಾಳಿ ಜೋರು, ಅಕ್ಕಾರಿಗೆ ಬೇಕಾಗುತ್ತದೆ ಎಂದು. ಹಡಗು ತಪ್ಪಿದ ಮೇಲೆ ಒಂದು ಶನಿವಾರ ಹಾಳೆಗಳ ಜೊತೆ ಅದನ್ನೂ ಕೊಟ್ಟರು. ಯಾಕೆ ಎಂದು ರಾಜೇಶ್ವರಿ ಕೇಳಿದಾಗ, "ಬೈಲಹೊಂಗಲದಾಗೂ ಚಳಿ ಐತ್ರಲ್ಲ," ಎಂದರು. ರಾಜೇಶ್ವರಿಯವರ ಮನೆಯಲ್ಲಿ ಅದು ಓದುವ ಕುರ್ಚಿಯ ಮೇಲಿದೆ. ಅದರ ಹಿಂದೆ ಹಡಗಿನ ಕಥೆ ಇದೆ ಎಂದು ಅವರಿಗೆ ಗೊತ್ತಿಲ್ಲ.

ಇದನ್ನೆಲ್ಲ ಪತ್ರಿಕೆಗೆ ಬರೆಯಬಹುದೇ ಎಂದು ಕೇಳಿದಾಗ ಪರಸಪ್ಪ ಟೇಪು ನಿಲ್ಲಿಸುತ್ತಾರೆ. ಮೀನೊಂದು ಟಿವಿಯ ನಡುವೆ ನಡುಗುತ್ತ ನಿಲ್ಲುತ್ತದೆ. ಗೋಣಿಚೀಲದ ಎಳೆಗಳಿಂದ ಬೆಳಕು ಬರತೊಡಗಿದೆ.

"ಪೇಪರ ಅಕ್ಕಾರ ಓದತಾರ?"

ಓದುತ್ತಾರೆ.

"ಹಂಗಾರ ಬರೀರಿ. ನೀವು ಹೇಳಿದಂಗ ಆಗಲಿ. ನಾ ಹೇಳಿದಂಗ ಬ್ಯಾಡ."

ನೀವೇ ಒಂದು ಮಾತು ಹೇಳಬಹುದಲ್ಲ?

"ಹೇಳಿದ್ರ ಮುಗದ ಹೋಗತೈತ್ರಿ," ಎನ್ನುತ್ತಾರೆ. ಮತ್ತೆ ಕೇಳುವಂತಿಲ್ಲ. ಅವರ ಬೆರಳು ಗುಂಡಿಯ ಮೇಲಿದೆ.

ಗುಂಡಿ ಒತ್ತಿ ಆ ಟೇಪನ್ನು ಕೊನೆಯವರೆಗೆ ನೋಡಿ ಮುಗಿಸುತ್ತಾರೆ. ಹೊಸದೊಂದನ್ನು ತೆಗೆದು, ಧೂಳು ಊದಿ, ಒಳಗೆ ತಳ್ಳುತ್ತಾರೆ. ಕತ್ತಲು. ಆಳದ ಅಂಕಿ ಏರುತ್ತ ಏರುತ್ತ ನಿಲ್ಲುತ್ತದೆ. ಕೆಸರು ಏಳುತ್ತದೆ. ಎಷ್ಟೋ ಹೊತ್ತು ಬೂದಿ ಬಣ್ಣ ಬಿಟ್ಟರೆ ಏನಿಲ್ಲ. ಪರಸಪ್ಪ ಕಣ್ಣು ಕದಲಿಸುವುದಿಲ್ಲ, ನಡುವಿಗೆ ಓಡಿಸುವುದಿಲ್ಲ. ಮೆಲ್ಲಗೆ ನೀರು ತಿಳಿಯಾಗುತ್ತದೆ, ತಳ ಕಾಣುತ್ತದೆ. ತಳದ ಮೇಲೆ, ಮೂರು ಕಾಲೂರಿ, ಮುಖ ಎತ್ತಿ, ಅದು ನಿಂತಿದೆ.

ಅವರು ಹಾಳೆಯ ಮೇಲೆ ಅದರ ಹೆಸರು ಬರೆದು, ಸುತ್ತ ಒಂದು ಸೊನ್ನೆ ಸುತ್ತುತ್ತಾರೆ.

ನನ್ನ ತಪ್ಪನ್ನು ನೀವು ಹೊತ್ತುಕೊಂಡದ್ದು ನನಗೆ ಗೊತ್ತಿದೆ, ಅದರಿಂದಲೇ ನನಗೆ ಇನ್ನೂ ಬೆಳಗಾಗುತ್ತಿದೆ ಎಂದು ಪರಸಪ್ಪ ರಾಜೇಶ್ವರಿಯವರಿಗೆ ಈ ಮೂರು ವರ್ಷಗಳಲ್ಲಿ ಒಂದು ಸಲವೂ ಹೇಳಿಲ್ಲ.